ನಡಾವಳಿಯಲ್ಲಿ ಬರೆಯದ್ದು

ಎರಡನೇ ಶನಿವಾರ, ಶಿಡ್ಲಘಟ್ಟದ ಗುರುಭವನ.
ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡೂಕಾಲಿಗೆ ಶುರು.
ಸಹಿ ಮಾಡಿದವರು ನಲವತ್ಮೂರು, ಕೂತವರು ಹತ್ತೊಂಬತ್ತು.
ಉಳಿದವರು ಪುಸ್ತಕ ಹೊರಗೆ ತರಿಸಿಕೊಂಡು
ಬೈಕಿನ ಟ್ಯಾಂಕಿನ ಮೇಲಿಟ್ಟು ಸಹಿ ಹಾಕಿ ಹೋದರು,
ಇಂಜಿನ್ ಆರಿಸದೆ.

ಕಾರ್ಯದರ್ಶಿ ನಾನು. ಅಕ್ಷರ ದುಂಡಗಿದೆ ಎಂಬುದೊಂದೇ ಅರ್ಹತೆ.
ಏಳು ವರ್ಷದಿಂದ ಪ್ರಭಾರಿ ಮುಖ್ಯ ಶಿಕ್ಷಕಿ.
ಪ್ರಭಾರ ಅಂದರೆ ಭಾರ ಪೂರ್ತಿ,
ಭತ್ಯೆ ಮಾತ್ರ ಯಾವುದೋ ಟೇಬಲ್ಲಿನ ಮೇಲೆ.

ಅಧ್ಯಕ್ಷರು ವೆಂಕಟರೋಣಪ್ಪನವರು ಬೇಡಿಕೆ ಓದಿಸಿದರು.
ಭತ್ಯೆ. ಅರ್ಧ ದಿನಕ್ಕಾದರೂ ಒಬ್ಬ ಗುಮಾಸ್ತ.
ಆಮೇಲೆ ಮೊಟ್ಟೆ:
ಅಂಗಡಿಯದೊಂದು ರೇಟು, ಸುತ್ತೋಲೆಯದೊಂದು ರೇಟು,
ನಡುವೆ ಒಡೆಯೋದು ನಮ್ಮ ಜೇಬು ಅಂದರು ದ್ಯಾವಪ್ಪ ಮೇಷ್ಟ್ರು.
ನಗು ಬಂತು. ನಗು ಬರೆದುಕೊಳ್ಳುವ ಕಲಂ ಇರಲಿಲ್ಲ.

ಶೌಚಾಲಯದ ಮಾತು ಯಾರೂ ಜೋರಾಗಿ ಆಡಲಿಲ್ಲ.
ಬೆಳಿಗ್ಗೆ ಎಂಟೂವರೆಗೆ, ಮಕ್ಕಳು ಬರುವ ಮೊದಲು,
ಯಾರು ಪೊರಕೆ ಹಿಡಿಯುತ್ತೇವೆ ಎಂದು
ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದೇ ಸರ್ವಾನುಮತ.

ಹಿಂದಿನ ಸಾಲಿನ ಹೊಸ ಹುಡುಗ ಎದ್ದ, ಸುಗಟೂರು ಕಡೆಯವನು:
ಸಾರ್, ನಾವು ನೌಕರರೋ ಆಡಳಿತವೋ?
ಶಿಕ್ಷಕರ ಸಂಘದವರು ನೀವು ಸಾಹೇಬರು ಅಂತಾರೆ,
ಸಾಹೇಬರು ಫೋನಲ್ಲಿ ಏಕವಚನ ಅಂತಾರೆ.
ಆಳಾಗಬಲ್ಲವನು ಅರಸಾಗಬಲ್ಲ ಎಂದಿತು ಒಂದು ಕುರ್ಚಿ.
ಉರ್ದು ಶಾಲೆಯ ಶಮೀಮುನ್ನಿಸಾ ಚಷ್ಮ ಒರೆಸುತ್ತಾ,
ಎರಡೂ ಒಂದೇ ಸಂಬಳದಲ್ಲಾ? ಎಂದರು.

ಆಗಲೇ ಹೊರಗೆ ಘೋಷಣೆ.
ಬಿಸಿಯೂಟದವರ ಮೆರವಣಿಗೆ, ತಾಲ್ಲೂಕು ಕಚೇರಿ ಕಡೆಗೆ.
ಗೂಡಿನ ಮಾರುಕಟ್ಟೆಯ ವಾಸನೆಯ ಜೊತೆಜೊತೆಗೇ ಬಂತು ಧ್ವನಿ,
ಒಗ್ಗರಣೆಯ ಹೊಗೆ ಕುಡಿದು ಗೊಗ್ಗರಾದ ಧ್ವನಿ.
ಕಿಟಕಿಯಲ್ಲಿ ನಮ್ಮ ಶಾಲೆಯ ಮುನಿತಾಯಮ್ಮ,
ಬಾಟಲಿ ಚಾಚಿ ನೀರು ಕೇಳಿದಳು.
ಒಳಗೆ ನೋಡಿ, ಬ್ಯಾನರ್ ನೋಡಿ,
‘ಏಮಿ ಮೇಡಂ, ಮೀಕೂ ಸಂಘಮಾ?’ ಎಂದಳು.
ನಿಮಗೂ ಬೇಕಾಯಿತೇ ಎಂದೋ,
ನಿಮಗೂ ಇದೆಯಲ್ಲ ಸದ್ಯ ಎಂದೋ,
ತೆಲುಗಿನಲ್ಲಿ ಅದೆರಡಕ್ಕೂ ಒಂದೇ ಮಾತು.

ಮೊನ್ನೆ ಗುರುವಾರವೂ ಅವಳು ಮುಷ್ಕರಕ್ಕೆ ಹೋಗಿದ್ದಳು.
ಅನ್ನ ನಾನೇ ಇಟ್ಟೆ, ತಳ ಹಿಡಿಸಿದೆ.
ರೀಲಿಂಗಿನವರ ಮಗಳು ರುಕ್ಸಾನ, ಆರನೇ ತರಗತಿ,
ಬಿಸಿನೀರಿನಲ್ಲಿ ನೆಂದು ಬಿಳಚಿದ ಬೆರಳಿನಿಂದ
ಸೀದದ್ದನ್ನು ಬೇರೆ ಮಾಡಿ ತಿಂದಳು,
ಏನೂ ಅನ್ನಲಿಲ್ಲ.
ಸಂಜೆ ಗೈರುಹಾಜರಿಯ ವರದಿ ಕೇಳಿ ಮೂರು ಸಲ ಫೋನು.
ಕಳಿಸಿದೆ.
ಒಂದು ದಿನದ ಗೌರವಧನ ಕಡಿತ, ಶಿಫಾರಸು ಮಾಡಿದವರು:
ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು.

ಅದನ್ನು ಹೇಳಬೇಕೆಂದು ಎದ್ದೆ.
ಹೇಳಿದ್ದು ಬೇರೆ: ಅಡುಗೆಯವರಿಗೆ ಬೆಂಬಲ ಎಂದು
ಆರನೇ ನಿರ್ಣಯ ಮಾಡೋಣವೇ?
ಅಧ್ಯಕ್ಷರು ಗಡಿಯಾರ ನೋಡಿದರು. ಕೆಟ್ಟವರಲ್ಲ ಅವರು.
ಕಳೆದ ವರ್ಷ ನನ್ನ ಅಮಾನತು ತಪ್ಪಿಸಲು
ಚಿಕ್ಕಬಳ್ಳಾಪುರಕ್ಕೆ ನಾಲ್ಕು ಸಲ ಅಲೆದವರು.
ಮೇಡಮ್ಮೋರೇ, ಅಜೆಂಡಾದಲ್ಲಿ ಇಲ್ಲವಲ್ಲ, ಅಂದರು ಮೆತ್ತಗೆ.
ಅವರು ನಮ್ಮ ಕೈಕೆಳಗಿನವರಲ್ವಾ ಅಂದರು ಇನ್ಯಾರೋ.
ಶಮೀಮುನ್ನಿಸಾ ಒಬ್ಬರೇ ಕೈ ಎತ್ತಿದರು,
ಫ್ಯಾನಿನ ಗಾಳಿಗೆ ಬುರ್ಖಾದ ತೋಳು ಅಲ್ಲಾಡಿತು.
ಆಮೇಲೆ ಬೋಂಡಾ ಬಂತು.

ಐದು ನಿರ್ಣಯ ಬರೆದೆ.
ಕೆಳಗೆ ಅರ್ಧ ಪುಟ ಉಳಿಯಿತು.
ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಬೇಕು,
ಇಲ್ಲದಿದ್ದರೆ ಆಮೇಲೆ ಯಾರು ಬೇಕಾದರೂ ಏನನ್ನಾದರೂ ಸೇರಿಸಬಹುದು.
ಲೆಕ್ಕಪರಿಶೋಧನೆಯಲ್ಲಿ ಮೊದಲು ಕಲಿತದ್ದೇ ಅದು.
ಎಳೆಯಲಿಲ್ಲ.

ಸೋಮವಾರ ಎಂಟೂವರೆಗೆ ಅಡುಗೆಮನೆಯ ಬೀಗ ತೆಗೆದಿತ್ತು.
ಮುನಿತಾಯಮ್ಮ ಕುಕ್ಕರಿನ ರಬ್ಬರು ತೊಳೆಯುತ್ತಿದ್ದಳು.
ಹಿಂದಿರುಗಿ ನೋಡದೆ ಕೇಳಿದಳು,
ಮೇಡಂ, ಅನ್ನ ತಳ ಹಿಡಿಸಿದ್ದು ಯಾರು?